ಬಿದನೂರಿನ ಗಡಿಯೂ ದಾರಿ ತೋರಿಸುವವನೂ

ಪ್ರಶ್ನೆ: ನಮ್ಮ ಸೋದರಳಿಯ ಕೊರಿಯಾಕ್ಕೆ ಹೋಗಿದ್ದಾಗ ಎರಡು ಕೊರಿಯಾಗಳ ನಡುವಿನ ಗಡಿಯನ್ನು ಗೈಡ್ ಜೊತೆ ನೋಡಿಕೊಂಡು ಬಂದ. ನಾವು ಮನೆಮಂದಿ ಕೆಲವು ವರ್ಷಗಳ ಹಿಂದೆ ವಾಘಾ ಗಡಿಗೆ ಹೋಗಿದ್ದೆವು. ಇಷ್ಟು ಬಿಗಿ ಕಾವಲಿನ ಗಡಿ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಎಂದಾದರೂ ಇತ್ತೇ? ಇದ್ದರೆ ಈಗ ಹೋಗಿ ನೋಡಬಹುದೇ? ತೋರಿಸುವವರು ಸಿಗುತ್ತಾರೆಯೇ?
— ಓದುಗರೊಬ್ಬರು, ನ್ಯೂಟೌನ್, ಭದ್ರಾವತಿ

ಉತ್ತರ: ಇತ್ತು. ಅದರ ಬಾಗಿಲಿಗೆ ಹೋಗುವ ದಾರಿ ನಿಮ್ಮ ಊರಿನ ನಡುವೆಯೇ ಹಾದು ಹೋಗುತ್ತದೆ. ಭದ್ರಾವತಿಯವರೂ ಶಿವಮೊಗ್ಗದವರೂ ಬಿ.ಎಚ್. ರಸ್ತೆ ಎಂದಾಗ ಕಣ್ಣಿಗೆ ಬರುವುದು ಅಂಗಡಿ ಸಾಲು, ಆಟೊ, ಸಿಗ್ನಲ್. ಬೆಂಗಳೂರು–ಹೊನ್ನಾವರ ರಸ್ತೆ ಎಂಬ ಪೂರ್ಣ ಹೆಸರನ್ನು ಬಾಯಿಬಿಟ್ಟು ಹೇಳುವವರು ಈಗ ಕಡಿಮೆ. ಶಿವಮೊಗ್ಗ ದಾಟಿ ಅದೇ ರಸ್ತೆಯಲ್ಲಿ ಕುಂಸಿ, ಆಮೇಲೆ ಆನಂದಪುರ. ಅಲ್ಲಿಂದ ಎಡಕ್ಕೆ ಹೊರಳಿ ಹೊಸನಗರದ ಕಡೆ ಹೋದರೆ ನಗರ. ಇವತ್ತು ಒಂದು ಬಸ್‌ಸ್ಟ್ಯಾಂಡು, ನಾಲ್ಕು ಹೋಟೆಲು, ಒಂದು ಕೋಟೆ ಇರುವ ಈ ಪುಟ್ಟ ಊರು ಹಿಂದೆ ಬಿದನೂರು ಎಂಬ ರಾಜಧಾನಿ. ಅದರ ಸುತ್ತಲಿನ ಗಡಿಯನ್ನು ಒಳಗಿನವರು ಕೈಹಿಡಿದು ಕರೆದೊಯ್ಯದೆ ದಾಟುವುದು ಸುಲಭವಿರಲಿಲ್ಲ. ಈ ‘ಒಳಗಿನವರು’ ಎಂಬ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ನಿಮ್ಮ ಮೂರನೆಯ ಪ್ರಶ್ನೆಗೆ ಅದೇ ಉತ್ತರ.

ಮೊದಲು ನಿಮ್ಮ ಸೋದರಳಿಯ ನೋಡಿದ ಗಡಿ. 1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿದ್ದಾಗ ಹುಟ್ಟಿದ್ದು ಅದು. ಸುಮಾರು 250 ಕಿಲೋಮೀಟರ್ ಉದ್ದ, 4 ಕಿಲೋಮೀಟರ್ ಅಗಲದ ಪಟ್ಟಿ. ಪಾನ್‌ಮುಂಜೋಮ್‌ನಲ್ಲಿ ನೀಲಿ ಬಣ್ಣದ ಶೆಡ್ಡುಗಳಿವೆ, ಅವುಗಳ ನಡುವೆ ಗಡಿರೇಖೆ ಹಾದುಹೋಗುತ್ತದೆ. ಅಲ್ಲಿಗೆ ಹೋಗುವ ಪ್ರವಾಸಿ ಪಾಸ್‌ಪೋರ್ಟ್ ತೋರಿಸಬೇಕಿತ್ತು, ಏನಾದರೂ ಅನಾಹುತವಾದರೆ ತಾನೇ ಹೊಣೆ ಎಂಬಂಥ ಕಾಗದಕ್ಕೆ ಸಹಿ ಹಾಕಬೇಕಿತ್ತು, ಆ ಕಡೆಯವರತ್ತ ಕೈ ತೋರಿಸುವಂತಿರಲಿಲ್ಲ, ಕೈ ಬೀಸುವಂತಿರಲಿಲ್ಲ. ಕರೆದೊಯ್ಯುತ್ತಿದ್ದವನು ಸೈನಿಕ. ವಿವರಣೆ ಕೊಡುವವನೂ ಕಾವಲು ಕಾಯುವವನೂ ಒಬ್ಬನೇ. ಹೀಗಿದ್ದೂ 2023ರ ಜುಲೈಯಲ್ಲಿ ಪ್ರವಾಸಿಗರ ಗುಂಪಿನಲ್ಲಿ ಸೇರಿಕೊಂಡು ಬಂದಿದ್ದ ಅಮೆರಿಕದ ಸೈನಿಕನೊಬ್ಬ ಎಲ್ಲರೂ ನೋಡುತ್ತಿದ್ದಂತೆ ಓಡಿ ಉತ್ತರಕ್ಕೆ ದಾಟಿಬಿಟ್ಟ. ಪ್ರವಾಸ ನಿಂತಿತು.

ವಾಘಾದ ಮಾತೇ ಬೇರೆ, ಅಲ್ಲಿ ಗಡಿಯೇ ಪ್ರದರ್ಶನ. 1959ರಿಂದ ನಡೆದು ಬಂದ ಸಂಜೆಯ ಕವಾಯತು, ಕಾಲೆತ್ತಿ ಬಡಿಯುವುದು, ಗ್ಯಾಲರಿಯ ಕೂಗು. 2025ರ ಏಪ್ರಿಲ್‌ನ ನಂತರ ನಮ್ಮ ಕಡೆಯವರು ಗೇಟು ತೆರೆಯುವುದನ್ನೂ ಕೈಕುಲುಕುವುದನ್ನೂ ನಿಲ್ಲಿಸಿದರು. ಕಾರಣ ಪಹಲ್ಗಾಮ್‌ನ ಭಯೋತ್ಪಾದಕ ದಾಳಿ, ಅದೇನೆಂದು ಶಿವಮೊಗ್ಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮದು. ಕೆಳದಿ ಅರಸರ ರಾಜ್ಯ 1499ರ ಹೊತ್ತಿಗೆ ಸಾಗರದ ಪಕ್ಕದ ಕೆಳದಿಯಲ್ಲಿ ಆರಂಭವಾಗಿ ಇಕ್ಕೇರಿಗೆ ಬಂತು. ಬಿಜಾಪುರದ ಸೈನ್ಯ 1637–38ರ ಸುಮಾರಿಗೆ ಇಕ್ಕೇರಿಯನ್ನು ಹಾಳುಗೆಡವಿದ ಮೇಲೆ ಬಿದನೂರಿಗೆ ಸರಿಯಿತು. ಈ ಸ್ಥಳಾಂತರದಲ್ಲೇ ಗಡಿಯ ಲೆಕ್ಕಾಚಾರವಿದೆ. ಇಕ್ಕೇರಿ ಸಾಗರದ ಬಯಲಿಗೆ ತೆರೆದುಕೊಂಡ ಊರು. ಬಿದನೂರು ಗುಡ್ಡಗಳ ಬಟ್ಟಲಿನೊಳಗೆ ಕೂತ ಊರು, ಘಟ್ಟದ ಅಂಚಿಗೆ ಬಹಳ ಹತ್ತಿರ. ಸಮುದ್ರದ ಕಡೆಯಿಂದ ಬರುವ ಶತ್ರುವಿಗೆ ಘಟ್ಟ ಅಡ್ಡ, ಬಯಲುಸೀಮೆಯಿಂದ ಬರುವವನಿಗೆ ಕಾಡು ಅಡ್ಡ. ಕಾಳುಮೆಣಸು, ಅಡಿಕೆ, ಅಕ್ಕಿ ಇಳಿದು ಹೋಗಲು ಮಾತ್ರ ಕೆಲವು ದಾರಿಗಳು. ಅವುಗಳ ಬಾಯಲ್ಲಿ ಕೋಟೆ, ತಲೆಯಲ್ಲಿ ಕೋಟೆ, ನಡುವೆ ಠಾಣೆ, ಸುಂಕದ ಕಟ್ಟೆ. ಶಿವಪ್ಪ ನಾಯಕನ ಕಾಲಕ್ಕೆ (1645–60) ಈ ವ್ಯವಸ್ಥೆ ಚೆನ್ನಾಗಿ ಬೇರೂರಿತ್ತು. ಶಿವಪ್ಪ ನಾಯಕ ಎಂದೊಡನೆ ನಮಗೆ ಶಿಸ್ತು, ಕಂದಾಯ, ಗದ್ದೆಯ ಅಳತೆ ನೆನಪಾಗುತ್ತವೆ. ಆ ಕಂದಾಯವೆಲ್ಲ ಹರಿದುಬಂದು ಸೇರುತ್ತಿದ್ದ ಊರನ್ನು ಕಾದವು ಈ ಕಾಡು ಮತ್ತು ಬಾಗಿಲುಗಳು.

ನೀವು ಕಲ್ಪಿಸಿಕೊಳ್ಳುವಂಥ ಬೇಲಿಯ ಗೆರೆ ಅಲ್ಲಿರಲಿಲ್ಲ. 1801ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟಿರುವ ಪ್ರಕಾರ, ನಗರದ ಸುತ್ತ ಕಾಡು, ಗುಡ್ಡ, ಕೋಟೆ ಕಟ್ಟಿದ ಕಣಿವೆಬಾಯಿಗಳ ದೊಡ್ಡ ಬಳೆಯೇ ಇತ್ತು. ಉಚ್ಛ್ರಾಯದ ಕಾಲದಲ್ಲಿ ಒಳಗೆ ಗುಡಿಸಲುಗಳನ್ನು ಬಿಟ್ಟು 20,000 ಮನೆಗಳಿದ್ದವು ಎಂದು ಅಲ್ಲಿನವರು ಅವನಿಗೆ ಹೇಳಿದರಂತೆ. ಊರಿನವರು ತಮ್ಮ ಹಳೆಯ ವೈಭವ ಹೇಳುವಾಗ ಸೊನ್ನೆ ಒಂದೆರಡು ಹೆಚ್ಚು ಬೀಳುವುದು ಎಲ್ಲ ಕಡೆ ಇದ್ದದ್ದೇ. ಬಳೆಯ ಮಾತಂತೂ ಸುಳ್ಳಲ್ಲ, ಇವತ್ತಿಗೂ ನಗರಕ್ಕೆ ಯಾವ ಕಡೆಯಿಂದ ಹೋದರೂ ಗುಡ್ಡದ ಸಂದಿಯೊಂದನ್ನು ದಾಟಿಯೇ ಒಳಬೀಳುತ್ತೇವೆ.

ಈ ಗಡಿಯನ್ನು ‘ಗೈಡೆಡ್ ಟೂರ್’ ಮಾಡಿದ ಪ್ರವಾಸಿಯ ಬರಹ ನಮ್ಮ ಕೈಯಲ್ಲಿದೆ, ಅದೂ ಬಿದನೂರಿಗಿಂತ ಹಿಂದಿನ ಇಕ್ಕೇರಿಯ ಕಾಲದ್ದು. ಹೆಸರು ಪಿಯೆತ್ರೊ ದೆಲ್ಲಾ ವಾಲೆ, ರೋಮಿನ ಶ್ರೀಮಂತ. ವಿಚಿತ್ರ ಮನುಷ್ಯ. ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿಯ ದೇಹವನ್ನು ಕೆಡದಂತೆ ಕಟ್ಟಿಸಿ, ವರ್ಷಗಟ್ಟಲೆ ಜೊತೆಗೆ ಸಾಗಿಸಿ, ಕೊನೆಗೆ ರೋಮಿನಲ್ಲಿ ಮಣ್ಣು ಮಾಡಿದವನು. 1623ರ ಅಕ್ಟೋಬರ್‌ನಲ್ಲಿ ಗೋವಾದಿಂದ ಪೋರ್ಚುಗೀಸರ ರಾಯಭಾರಿಯೊಬ್ಬ ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಾಗ ಇವನೂ ಜೊತೆಗೂಡಿದ. ಮಂಗಳೂರಿನ ಬಂಗರ ಅರಸನ ಸೀಮೆ ಮತ್ತು ಕಾಳುಮೆಣಸಿನ ವ್ಯವಹಾರ, ಇವೆರಡು ರಾಯಭಾರದ ವಿಷಯ. ಇವನಿಗೆ ಬೇಕಾಗಿದ್ದು ನೋಡುವುದು ಮಾತ್ರ. ಗೋವಾದಲ್ಲಿದ್ದ ವೆಂಕಟಪ್ಪ ನಾಯಕನ ರಾಯಭಾರಿಯೂ ಅದೇ ಹೊತ್ತಿಗೆ ಊರಿಗೆ ಮರಳುತ್ತಿದ್ದ. ದೆಲ್ಲಾ ವಾಲೆಯ ಬರಹದಲ್ಲಿ ಅವನ ಹೆಸರನ್ನು ನಾವು ವಿಠಲ ಶೆಣೈ ಎಂದು ಓದಿಕೊಳ್ಳಬಹುದು. ಗುಂಪಿಗೆ ದಾರಿಯುದ್ದಕ್ಕೂ ಬಾಗಿಲು ತೆರೆಸಿದ್ದು ಈ ಶೆಣೈ ಇದ್ದ ಬಲವೇ. ಅವನಿಲ್ಲದೆ ಪರದೇಶಿಯೊಬ್ಬ ಆ ಘಟ್ಟ ಹತ್ತುವ ಮಾತೇ ಇರಲಿಲ್ಲ ಎಂದೇ ನನಗನಿಸುತ್ತದೆ.

ಹೊನ್ನಾವರದ ತನಕ ಸಮುದ್ರದ ಮೇಲೆ. ಅಲ್ಲಿಂದ ದೋಣಿಯಲ್ಲಿ ಶರಾವತಿಯ ಎದುರು ಹರಿವಿನಲ್ಲಿ ಗೇರುಸೊಪ್ಪೆಗೆ. ಆ ಹೊಳೆಯ ಪ್ರಯಾಣವನ್ನು ಅವನು ಬಾಯ್ತುಂಬ ಹೊಗಳಿದ್ದಾನೆ. ಮೆಣಸಿನ ರಾಣಿ ಎಂದು ಹೆಸರಾದ ಅರಸಿಯ ಗೇರುಸೊಪ್ಪೆ ಆಗಲೇ ಹಾಳು ಬಿದ್ದಿತ್ತು, ಕಾಡು ಬೆಳೆದಿತ್ತು. ಮುಂದೆ ಘಟ್ಟ. ಕೆಲವರು ಪಲ್ಲಕ್ಕಿಯಲ್ಲಿ, ಕೆಲವರು ಕಾಲ್ನಡಿಗೆಯಲ್ಲಿ ಹತ್ತಿದರು. ಮರ, ನೆರಳು, ಒರತೆಯ ನೀರು ನೋಡಿ ಅವನಿಗೆ ತನ್ನೂರಿನ ಅಪೆನ್ನೈನ್ ಬೆಟ್ಟಗಳು ನೆನಪಾದವು. ಘಟ್ಟದ ತಲೆಯ ಮೇಲೆ ಕೋಟೆ. ಅವನು ಬರೆದುಕೊಂಡ ಹೆಸರು ನಮ್ಮ ಗೋವರ್ಧನಗಿರಿಯದ್ದು. ಜೋಗದಿಂದ ಗೇರುಸೊಪ್ಪೆಗೆ ಇಳಿಯುವ ಸೀಮೆಯಲ್ಲಿರುವ ಆ ಗುಡ್ಡಕೋಟೆಯನ್ನು ಚಾರಣಕ್ಕೆ ಹೋಗುವ ಹುಡುಗರು ಬಲ್ಲರು. ಅಲ್ಲಿ ಹೊರೆಯಾಳುಗಳು ಸಾಮಾನು ಹೊಂದಿಸುವ ತನಕ ಕಾಯಬೇಕಾಯಿತು. ಆ ಹೊತ್ತಿನಲ್ಲಿ ಅವನು ದೇವಸ್ಥಾನದ ಜಗಲಿಯಲ್ಲಿ ಕೂತು, ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಂಕಿ ಬರೆದು, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದ ಹುಡುಗರನ್ನು ನೋಡಿದ. ಕಾಗದ ಬೇಡ, ಶಾಯಿ ಬೇಡ, ತಪ್ಪಿದರೆ ಒರೆಸಿದರಾಯಿತು. ಗಡಿ ಕೋಟೆಯ ಪಕ್ಕದಲ್ಲಿ ಮಗ್ಗಿ! ನಮ್ಮ ಮಲೆನಾಡಿನ ಕೂಲಿಮಠದ ಬಗ್ಗೆ ಇಷ್ಟು ಹಳೆಯ ಕಣ್ಣಾರೆ ಕಂಡ ಸಾಕ್ಷಿ ಇನ್ನೊಂದು ಸಿಗುವುದು ಕಷ್ಟ. ಅದೂ ದೊರೆತದ್ದು ಹೊರೆಯಾಳುಗಳು ತಡ ಮಾಡಿದ್ದರಿಂದ.

ಇಕ್ಕೇರಿಯ ಹೊಸ್ತಿಲಲ್ಲಿ ಅವನು ಕಂಡದ್ದು ನಿಮ್ಮ ಪ್ರಶ್ನೆಗೆ ನೇರವಾಗಿ ಹೊಂದುತ್ತದೆ. ಒಂದರ ಹಿಂದೆ ಒಂದರಂತೆ ಮೂರು ಬಾಗಿಲು. ಅವುಗಳಿಗೆ ಸಣ್ಣಪುಟ್ಟ ಕೋಟೆ, ಕಂದಕ. ಬಾಗಿಲುಗಳ ಎರಡೂ ಕಡೆ ಕಲ್ಲಿನ ಗೋಡೆ ಇರಲಿಲ್ಲ, ಜೀವಂತ ಬಿದಿರಿನ ಗೋಡೆ ಇತ್ತು. ದಟ್ಟವಾಗಿ ಒತ್ತೊತ್ತಾಗಿ ನೆಟ್ಟು ಎತ್ತರಕ್ಕೆ ಬೆಳೆಸಿದ ಮೆಳೆ. ಕುದುರೆಗೂ ಕಾಲಾಳಿಗೂ ನುಗ್ಗಲಾಗದು, ಕಡಿಯುವುದು ಕಷ್ಟ, ಹಸಿರಾದ್ದರಿಂದ ಬೆಂಕಿ ಹತ್ತದು. ಮೇಲೆ ಬಳ್ಳಿ ಹಬ್ಬಿ ಕಣ್ಣಿಗೂ ತಂಪು ಎಂದು ಅವನು ಮೆಚ್ಚಿ ಬರೆದ. ಬಿದಿರುಮೆಳೆಯೊಳಗೆ ದನ ಸಿಕ್ಕಿಹಾಕಿಕೊಂಡಾಗ ಬಿಡಿಸಲು ಹೋದ ಯಾರಿಗಾದರೂ ಈ ಗೋಡೆಯ ಶಕ್ತಿ ಗೊತ್ತಿರುತ್ತದೆ. ಮುಳ್ಳು ಹಿಂದಕ್ಕೆ ಬಾಗಿರುತ್ತದೆ, ಒಳಹೋಗುವಾಗ ಬಿಡುತ್ತದೆ, ಹೊರಬರುವಾಗ ಹಿಡಿಯುತ್ತದೆ. ಗಾರೆ ಕೆಲಸದವರ ಖರ್ಚಿಲ್ಲ, ಪ್ರತಿ ಮಳೆಗಾಲಕ್ಕೂ ತಾನಾಗಿ ರಿಪೇರಿಯಾಗುವ ಕೋಟೆ. ಬಾಗಿಲಿನಲ್ಲಿ ಕಾವಲುಗಾರ ಒಪ್ಪಿದರೆ ಮಾತ್ರ ದಾರಿ.

ಒಳಗೆ ಹೋದ ಮೇಲೆ ಊರು ಅವನಿಗೆ ಅಷ್ಟೇನೂ ಹಿಡಿಸಲಿಲ್ಲ. ಮನೆಗಳು ಅಲ್ಲೊಂದು ಇಲ್ಲೊಂದು, ಕಟ್ಟಡ ಸಾಧಾರಣ ಎಂದ. ಅರಮನೆಯಲ್ಲಿ ನಾಯಕನ ಭೇಟಿಯಾಯಿತು. ಅಘೋರೇಶ್ವರ ದೇವಸ್ಥಾನವನ್ನು ಮನಸಾರೆ ನೋಡಿ ನಕ್ಷೆ ಬರೆದುಕೊಂಡ. ಸಹಗಮನಕ್ಕೆ ಸಿದ್ಧಳಾಗಿದ್ದ ಹೆಣ್ಣುಮಗಳೊಬ್ಬಳನ್ನು ಮನೆಗೇ ಹೋಗಿ ಮಾತಾಡಿಸಿ, ಬೇಡವೆಂದು ಹೇಳಿನೋಡಿದ. ಆಮೇಲೆ ಬಸರೂರಿನ ಕಡೆ ಘಟ್ಟ ಇಳಿದು ಮಂಗಳೂರಿನತ್ತ ಹೊರಟ. ಹತ್ತಿದ ದಾರಿ ಒಂದು, ಇಳಿದ ದಾರಿ ಇನ್ನೊಂದು, ಎರಡೂ ನಾಯಕನ ಕಡೆಯವರು ಒಪ್ಪಿದ ದಾರಿಗಳೇ. ಅವೆರಡರ ಎಡಬಲಕ್ಕೆ ಏನಿತ್ತೆಂದು ಅವನಿಗೂ ಗೊತ್ತಿಲ್ಲ, ಅವನನ್ನು ಓದಿದ ನಮಗೂ ಗೊತ್ತಿಲ್ಲ. ಕೊರಿಯಾದಲ್ಲಿ ನಿಮ್ಮ ಸೋದರಳಿಯನಿಗೆ ತೋರಿಸಿದ್ದೂ ಇಷ್ಟೇ ಇರಬೇಕು.

ಗಡಿಯೊಳಗಿನಿಂದ ಗುಟ್ಟಾಗಿ ಒಬ್ಬನನ್ನು ದಾಟಿಸಿದ ಕಥೆ ನೀವು ಶಾಲೆಯಲ್ಲೇ ಓದಿರುತ್ತೀರಿ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ವೇಷ ಮರೆಸಿಕೊಂಡು ಜಿಂಜಿಯತ್ತ ಓಡುತ್ತಿದ್ದಾಗ ಕೆಳದಿಯ ಚೆನ್ನಮ್ಮ ತನ್ನ ಸೀಮೆಯಲ್ಲಿ ಅವನಿಗೆ ಆಶ್ರಯ ಕೊಟ್ಟು ದಾಟಿಸಿದಳು. ಔರಂಗಜೇಬನ ಸೈನ್ಯ ಬೆನ್ನಟ್ಟಿ ಬಂದು ಮಲೆನಾಡಿನ ಕಾಡಿನಲ್ಲಿ ಏಗಲಾರದೆ ಸಂಧಿಗೆ ಒಪ್ಪಿತು. ದಾರಿ ಬಲ್ಲವರು ರಾಣಿಯ ಕಡೆ ಇದ್ದರು, ಸೈನ್ಯದ ಕಡೆ ಇರಲಿಲ್ಲ.

1763ರಲ್ಲಿ ಇದು ತಿರುವುಮುರುವಾಯಿತು. ಆ ವರ್ಷದ ಆರಂಭದಲ್ಲಿ ಹೈದರಾಲಿ ಶಿವಮೊಗ್ಗದ ದಾರಿಯಲ್ಲಿ ಬಿದನೂರಿನ ಮೇಲೆ ಬಂದ. ಆಗ ಗದ್ದುಗೆಯ ಅಧಿಕಾರ ರಾಣಿ ವೀರಮ್ಮಾಜಿಯ ಕೈಯಲ್ಲಿತ್ತು. ತಾನೇ ನಿಜವಾದ ವಾರಸುದಾರ, ಸತ್ತಿಲ್ಲ, ಬದುಕಿದ್ದೇನೆ ಎಂದು ಹೇಳಿಕೊಂಡ ಚೆನ್ನಬಸಪ್ಪ ಎಂಬ ತರುಣ ಹೈದರನ ಪಾಳೆಯದಲ್ಲಿದ್ದ. ಹೈದರ್ ಶಿವಮೊಗ್ಗ ಹಿಡಿದ, ಕುಂಸಿಗೆ ಬಂದ, ಆನಂದಪುರಕ್ಕೆ ಬಂದ. ಅವನು ಒಂದೊಂದು ಊರು ಮುಂದೆ ಬಂದಂತೆ, ಹಿಂದಿರುಗಿ ಹೋಗಲು ಕೊಡುವ ಹೊನ್ನಿನ ಮೊತ್ತವನ್ನು ರಾಣಿ ಏರಿಸುತ್ತ ಹೋದಳು. ಹೈದರ್ ಒಪ್ಪಲಿಲ್ಲ. ಒಪ್ಪದಿರಲು ಕಾರಣ ಕುಂಸಿಯಲ್ಲೇ ಅವನಿಗೆ ಸಿಕ್ಕಿತ್ತು.

ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಬರೆದ ಇತಿಹಾಸದ ಪ್ರಕಾರ, ಹಿಂದಿನ ಅರಸನ ಪ್ರಧಾನಿಯಾಗಿದ್ದ ಲಿಂಗಣ್ಣನೆಂಬವನನ್ನು ಕುಂಸಿಯಲ್ಲಿ ಸೆರೆಯಲ್ಲಿಟ್ಟಿದ್ದರು. ಹೈದರ್ ಅವನನ್ನು ಬಿಡಿಸಿದ. ರಾಜ್ಯದ ಬಲಾಬಲ, ಭಂಡಾರ, ಊರಿನೊಳಕ್ಕೆ ಹೋಗುವ ಗುಪ್ತದಾರಿ, ಎಲ್ಲವನ್ನೂ ಆ ಮನುಷ್ಯ ಹೇಳಿದ. ಮುಂದಿನದು ಸುಲಭ. ಹೈದರನ ದಂಡು ಎದುರಿನ ಬಾಗಿಲ ಮೇಲೆ ದೊಡ್ಡ ಗದ್ದಲದಿಂದ ಬಿತ್ತು. ಕಾವಲಿನವರೆಲ್ಲ ಆ ಕಡೆ ತಿರುಗಿದರು. ಇನ್ನೊಂದು ತುಕಡಿ ಲಿಂಗಣ್ಣನ ದಾರಿಯಲ್ಲಿ ಕಾಡಿನ ಮೂಲಕ ನುಸುಳಿ ಊರಿನೊಳಗೇ ಎದ್ದಿತು. ರಾಣಿ ಅರಮನೆಗೆ ಬೆಂಕಿ ಇಡಲು ಹೇಳಿ ಬಲ್ಲಾಳರಾಯನದುರ್ಗಕ್ಕೆ ಪಾರಾದಳು. ಜನ ದಿಕ್ಕಾಪಾಲಾಗಿ ಕಾಡು ಸೇರಿದರು. ಹೈದರ್ ಮೊದಲು ಮಾಡಿದ ಕೆಲಸ ಬೆಂಕಿ ಆರಿಸಿದ್ದು, ಎರಡನೆಯದು ಮನೆಗಳಿಗೆ ಬೀಗಮುದ್ರೆ ಒತ್ತಿಸಿದ್ದು. ಸಿಕ್ಕಿದ ಐಶ್ವರ್ಯ 1 ಕೋಟಿ 20 ಲಕ್ಷ ಪೌಂಡು ಬಾಳುತ್ತಿತ್ತೆಂದು ವಿಲ್ಕ್ಸ್‌ನ ಅಂದಾಜು. ಇದು ಉಬ್ಬಿದ ಅಂಕಿ ಎಂದು ನನ್ನ ಗುಮಾನಿ. ಆದರೂ ಮುಂದೆ ತನ್ನೆಲ್ಲ ಏಳಿಗೆಗೂ ಬಿದನೂರೇ ಮೂಲ ಎಂದು ಹೈದರ್ ಎಣಿಸಿದ್ದು ಸುಳ್ಳಲ್ಲ. ಊರಿಗೆ ತನ್ನ ಹೆಸರಿಟ್ಟು ಹೈದರ್‌ನಗರ ಮಾಡಿದ, ಅಲ್ಲೇ ಟಂಕಸಾಲೆ ನಡೆಸಿದ. ಮುಂದೆ ಜನರ ಬಾಯಲ್ಲಿ ‘ಹೈದರ್’ ಉದುರಿ ‘ನಗರ’ ಉಳಿಯಿತು. ರಾಜ್ಯ ತನಗೆ ಸಿಗುತ್ತದೆಂದು ಜೊತೆಗೆ ಬಂದಿದ್ದ ಚೆನ್ನಬಸಪ್ಪನಿಗೆ ಏನೂ ಸಿಗಲಿಲ್ಲ.

ಲಿಂಗಣ್ಣನನ್ನು ದ್ರೋಹಿ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ರೂಢಿ. ನನಗೆ ಅಷ್ಟು ಸಲೀಸಾಗಿ ಕಾಣುವುದಿಲ್ಲ. ಅವನು ನಂಬಿದ ಅರಸ ಸತ್ತಿದ್ದ, ಹೊಸ ಒಡೆತನ ಅವನನ್ನು ಕತ್ತಲಕೋಣೆಗೆ ಹಾಕಿತ್ತು. ಗಡಿಯ ಗುಟ್ಟು ಬಲ್ಲವನನ್ನು, ಅದೂ ಶತ್ರು ಬರುವ ಹೆದ್ದಾರಿಯ ಮೇಲಿನ ಊರಿನಲ್ಲಿ, ಸಿಟ್ಟು ಬೆಳೆಸಿಕೊಂಡು ಕೂತಿರಲು ಬಿಟ್ಟಿದ್ದು ಬಿದನೂರಿನ ದರ್ಬಾರಿನ ಬುದ್ಧಿವಂತಿಕೆಯಂತೂ ಅಲ್ಲ.

ಕೊರಿಯಾದಲ್ಲೂ ಇದೇ ನಡೆದಿದೆ ನೋಡಿ. ನಿಮ್ಮ ಸೋದರಳಿಯ ತಲೆಗೆ ಹೆಲ್ಮೆಟ್ ಹಾಕಿಕೊಂಡು ಬಗ್ಗಿ ನಡೆದ ಸುರಂಗವೊಂದಿರಬೇಕು, ಅಲ್ಲಿಗೆ ಹೋಗುವವರನ್ನೆಲ್ಲ ಸಾಮಾನ್ಯವಾಗಿ ಕರೆದೊಯ್ಯುತ್ತಾರೆ. ಅದು 1978ರಲ್ಲಿ ಪತ್ತೆಯಾದ ಮೂರನೆಯ ಸುರಂಗ. ಉತ್ತರದವರು ದಕ್ಷಿಣಕ್ಕೆ ನುಗ್ಗಲು ಬಂಡೆಯಲ್ಲಿ ಕೊರೆದದ್ದು, ನೆಲದಿಂದ ಸುಮಾರು 73 ಮೀಟರ್ ಆಳ, 1.6 ಕಿಲೋಮೀಟರ್ ಉದ್ದ. ದಕ್ಷಿಣದವರಿಗೆ ಅದು ಗೊತ್ತಾದದ್ದು ಉತ್ತರದಿಂದ ಓಡಿಬಂದವನೊಬ್ಬ ಕೊಟ್ಟ ಸುಳಿವಿನಿಂದ. ಮುಳ್ಳುತಂತಿ, ನೆಲಬಾಂಬು, ಲಕ್ಷಗಟ್ಟಲೆ ಸೈನಿಕರು ಹೇಳಲಾಗದ್ದನ್ನು ಹೇಳಿದವನು ಅವನು.

ಬಿದನೂರಿನ ಗಡಿಯ ಕೊನೆಯ ದೊಡ್ಡ ಪರೀಕ್ಷೆ ಹೈದರ್ ಊರು ಹಿಡಿದ ಇಪ್ಪತ್ತು ವರ್ಷಗಳ ನಂತರ, ಸಮುದ್ರದ ಕಡೆಯಿಂದ. 1782ರ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡ. 1783ರ ಜನವರಿಯಲ್ಲಿ ಬೊಂಬಾಯಿಯ ಇಂಗ್ಲಿಷ್ ಸೇನೆ ಜನರಲ್ ಮ್ಯಾಥ್ಯೂಸ್‌ನ ಕೈಕೆಳಗೆ ಕುಂದಾಪುರದಿಂದ ಹೊಸಂಗಡಿಗೆ ಬಂದು ಘಟ್ಟ ಹತ್ತತೊಡಗಿತು. ಬುಡದಲ್ಲಿ ಹೊಸಂಗಡಿಯ ಕೋಟೆ, ತಲೆಯಲ್ಲಿ ಹೈದರ್‌ಗಢದ ಕೋಟೆ, ನಡುವೆ ತಿರುವು ತಿರುವಿಗೂ ಅಡ್ಡಕಟ್ಟೆ, ತೋಪು. ಒಂದು ಕಡೆ ಮೇಲಕ್ಕೆ ಬಂಡೆ, ಇನ್ನೊಂದು ಕಡೆ ಕೆಳಕ್ಕೆ ಪ್ರಪಾತ. ಕಾದು ನಿಂತಿದ್ದರೆ ಹತ್ತಿರವೂ ಸುಳಿಯಲಾಗದ ಜಾಗ. ಆದರೆ ಅಡ್ಡಕಟ್ಟೆಗಳು ಒಂದರ ಹಿಂದೆ ಒಂದು ಬಿದ್ದವು. ಮೇಲೆ ನಗರದ ಅಧಿಕಾರಿ ಶೇಖ್ ಅಯಾಜ್ ಹೋರಾಡದೆ ಊರನ್ನೇ ಒಪ್ಪಿಸಿಬಿಟ್ಟ. ಅವನು ಹೈದರನಿಗೆ ಅಚ್ಚುಮೆಚ್ಚಿನವನು, ಟಿಪ್ಪುವಿಗೆ ಕಣ್ಣಿಗೆ ಬಿದ್ದ ಕಸ. ತಂದೆ ಸತ್ತ ಮೇಲೆ ಮಗನ ಕಾಲದಲ್ಲಿ ತನ್ನ ತಲೆ ಉಳಿಯದೆಂದು ಲೆಕ್ಕ ಹಾಕಿದ. ಮ್ಯಾಥ್ಯೂಸ್ ಗೆದ್ದೆನೆಂದು ನಗರದಲ್ಲಿ ಕೂತ. ಏಪ್ರಿಲ್‌ನಲ್ಲಿ ಟಿಪ್ಪು ದೊಡ್ಡ ಸೈನ್ಯದೊಂದಿಗೆ ಬಂದು ಮೊದಲು ಮಾಡಿದ್ದು ಘಟ್ಟದ ದಾರಿಯನ್ನು ಕತ್ತರಿಸಿದ್ದು. ಸಮುದ್ರದ ಸಂಪರ್ಕ ತಪ್ಪಿದ ಇಂಗ್ಲಿಷರು ತಿಂಗಳು ತುಂಬುವುದರೊಳಗೆ ಶರಣಾದರು. ಭಂಡಾರದ ಹೊನ್ನನ್ನು ಬಚ್ಚಿಟ್ಟುಕೊಂಡು ಹೊರಟಿದ್ದಾರೆಂದು ಅವರ ಮೈಯೆಲ್ಲ ತಡಕಾಡಿಸಲಾಯಿತು. ಮ್ಯಾಥ್ಯೂಸ್ ಅದೇ ವರ್ಷ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ. ಗಡಿ ಅವನನ್ನು ಒಳಗೆ ಬಿಟ್ಟುಕೊಂಡಿತು, ಹೊರಗೆ ಬಿಡಲಿಲ್ಲ.

1799ರಲ್ಲಿ ಟಿಪ್ಪು ಮಡಿದ ನಂತರ ಆ ಕೋಟೆಗಳಿಗೆ ಕೆಲಸವಿಲ್ಲ. ಗಡಿ ಮಾತ್ರ ಇನ್ನೂ 157 ವರ್ಷ ಉಳಿಯಿತು ಎಂದರೆ ಈಗಿನ ಹುಡುಗರು ನಂಬಲಿಕ್ಕಿಲ್ಲ. ಶಿವಮೊಗ್ಗ ಮೈಸೂರು ಸಂಸ್ಥಾನ. ಘಟ್ಟದ ಕೆಳಗಿನ ಕುಂದಾಪುರ, ಕಾರ್ಕಳ ಮದ್ರಾಸಿಗೆ ಸೇರಿದವು. ಪಕ್ಕದ ಸಿರ್ಸಿ, ಸಿದ್ದಾಪುರ 1862ರ ನಂತರ ಬೊಂಬಾಯಿಗೆ. 1956ರ ನವೆಂಬರ್ 1ರ ತನಕ ಆಗುಂಬೆಯಲ್ಲಿ ನಿಂತು ಸೂರ್ಯಾಸ್ತ ನೋಡಿದವರು ಮೈಸೂರಿನ ನೆಲದ ಮೇಲೆ ನಿಂತು ಮದ್ರಾಸಿನ ಮೇಲೆ ಮುಳುಗುವ ಸೂರ್ಯನನ್ನು ನೋಡುತ್ತಿದ್ದರು. ಜೋಗದಲ್ಲಿ ಹೊಳೆಯ ಈಚೆ ಮೈಸೂರು ಬಂಗ್ಲೆ, ಆಚೆ ಬಾಂಬೆ ಬಂಗ್ಲೆ. ಹೆಸರುಗಳು ಇಂದಿಗೂ ಅವೇ. ಮನೆಮಾತು ಒಂದೇ, ಹೆಣ್ಣು ಕೊಡು-ತರುವ ಸಂಬಂಧವೂ ಇತ್ತು, ಸರ್ಕಾರ ಮಾತ್ರ ಮೂರು. ನಿಮ್ಮ ಮನೆಯ ಹಿರಿಯರನ್ನು ಕೇಳಿದರೆ ಇದರ ಕಥೆಗಳು ನನಗಿಂತ ಚೆನ್ನಾಗಿ ಸಿಕ್ಕಾವು.

ಈಗ ಹೋಗಿ ನೋಡುವ ವಿಚಾರ. ವಾಘಾದಂತೆ ಗ್ಯಾಲರಿ, ಧ್ವನಿವರ್ಧಕ, ಸಮಯಕ್ಕೆ ಸರಿಯಾಗಿ ಕವಾಯತು ಇಲ್ಲಿಲ್ಲ. ಗಡಿಯನ್ನು ನೀವೇ ಕೂಡಿಸಿಕೊಳ್ಳಬೇಕು. ಶಿವಮೊಗ್ಗದಲ್ಲಿ ತುಂಗಾ ದಡದ ಶಿವಪ್ಪ ನಾಯಕನ ಅರಮನೆಯ ವಸ್ತುಸಂಗ್ರಹಾಲಯದಿಂದ ಶುರು ಮಾಡಿ. ಕಟ್ಟಡ ಶಿವಪ್ಪ ನಾಯಕನದ್ದಲ್ಲ, ಹೈದರನ ಕಾಲದ್ದೆಂದು ಇತಿಹಾಸಕಾರರ ಮಾತು. ಇರಲಿ, ಅಂಗಳದ ತುಂಬ ಇರುವ ವೀರಗಲ್ಲುಗಳನ್ನು ನೋಡಲು ಅರ್ಧ ಗಂಟೆ ಇಟ್ಟುಕೊಳ್ಳಿ, ಗಡಿಕಾದಾಟದಲ್ಲಿ ಸತ್ತವರ ಹೆಸರು ಉಳಿಯುವುದು ಅಂಥ ಕಲ್ಲುಗಳಲ್ಲೇ. ಅಲ್ಲಿಂದ ಹೈದರ್ ಹೋದ ದಾರಿಯಲ್ಲೇ ಕುಂಸಿ, ಆನಂದಪುರ, ಹೊಸನಗರ ಹಿಡಿದು ನಗರಕ್ಕೆ ಹೋಗಿ. ಶಿವಮೊಗ್ಗದಿಂದ ಎಂಬತ್ತು ಚಿಲ್ಲರೆ ಕಿಲೋಮೀಟರ್, ತೀರ್ಥಹಳ್ಳಿಯ ಮೇಲೂ ಬರಬಹುದು. ರಸ್ತೆಯ ಪಕ್ಕದಲ್ಲೇ ಕೋಟೆ, ಸುತ್ತ ಕಂದಕ, ಬುರುಜು, ಮೇಲೆ ದರ್ಬಾರಿನ ಅಡಿಪಾಯ, ಅಕ್ಕತಂಗಿ ಕೊಳ. ಹೆಚ್ಚಿನವರು ಫೋಟೊ ತೆಗೆದುಕೊಂಡು ಅರ್ಧ ಗಂಟೆಯಲ್ಲಿ ಇಳಿದುಬಿಡುತ್ತಾರೆ. ನೀವು ಬುರುಜಿನ ಮೇಲೆ ನಿಂತು ಸುತ್ತಲಿನ ಗುಡ್ಡಗಳನ್ನು ನೋಡಿ. ಈ ಕೋಟೆ ಒಳಗಿನ ಗುಬುಟು ಮಾತ್ರ, ನಿಜವಾದ ಗೋಡೆ ಆ ಗುಡ್ಡಸಾಲು. ಹತ್ತಿರದ ದೇವಗಂಗೆಯ ಕೊಳವನ್ನೂ ಬಿಡಬೇಡಿ, ಅದಕ್ಕೂ ಗಡಿಗೂ ಸಂಬಂಧವಿಲ್ಲದಿದ್ದರೂ.

ಮರುದಿನ ಮಾಸ್ತಿಕಟ್ಟೆ, ಹುಲಿಕಲ್ ದಾಟಿ ಬಾಳೆಬರೆ ಘಾಟಿ ಇಳಿಯಿರಿ. ಹುಲಿಕಲ್‌ನ ಚಂಡಿಕಾಂಬೆಯ ಗುಡಿಯ ಮುಂದೆ ಲಾರಿಯವರು ನಿಲ್ಲಿಸಿ ಕೈಮುಗಿಯುತ್ತಾರೆ. ಇದು ಮ್ಯಾಥ್ಯೂಸ್ ಹತ್ತಿದ ಘಟ್ಟ. ಡಾಂಬರು ರಸ್ತೆ ಹಳೆಯ ಜಾಡಿನ ಮೇಲೆಯೇ ಎಲ್ಲ ಕಡೆ ಹೋಗಿದೆ ಎಂದುಕೊಳ್ಳಬೇಡಿ. ಆದರೆ ತಿರುವಿನಲ್ಲಿ ಎದುರಿನಿಂದ ಬಸ್ ಬಂದು ನಿಮ್ಮ ಕಾರು ಹಿಂದಕ್ಕೆ ಸರಿಯಬೇಕಾಗಿ ಬಂದಾಗ, ತೋಪಿನ ಎದುರು ಇಂಥ ಜಾಗದಲ್ಲಿ ಸಾಲುಗಟ್ಟಿ ಹತ್ತುವುದೆಂದರೆ ಏನೆಂದು ತಾನಾಗಿ ಹೊಳೆಯುತ್ತದೆ. ಬುಡದಲ್ಲಿ ಹೊಸಂಗಡಿ. ಈಗ ಅಲ್ಲಿರುವ ಕಾವಲು ವಾರಾಹಿಯ ಭೂಗತ ವಿದ್ಯುದಾಗಾರದ್ದು, 460 ಮೆಗಾವಾಟಿನದು. ಬೆಟ್ಟದ ಹೊಟ್ಟೆಯೊಳಗೆ ಯಂತ್ರಗಳಿವೆ, ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ.

ಮೂರು ಸುತ್ತಿನ ಕೋಟೆಯೇ ಬೇಕೆಂದರೆ ತೀರ್ಥಹಳ್ಳಿಯಿಂದ ಹದಿನೆಂಟು ಕಿಲೋಮೀಟರ್ ಆಚೆಗಿನ ಕವಲೇದುರ್ಗ. ಗದ್ದೆಯ ಅಂಚಿನಿಂದ ಹತ್ತುವ ದಾರಿ, ಒಂದರ ಮೇಲೊಂದು ಬಾಗಿಲು, ಬಾಗಿಲ ಪಕ್ಕದಲ್ಲಿ ಕಾವಲಿನವರ ಕೋಣೆಗಳು. ಮಂಡಿನೋವಿದ್ದರೆ ಎರಡನೆಯ ಬಾಗಿಲಿಗೆ ನಿಂತುಬಿಡಿ. ಗಡಿಯ ಮಟ್ಟಿಗೆ ನೋಡಬೇಕಾದ್ದು ಅಷ್ಟರಲ್ಲೇ ಮುಗಿಯುತ್ತದೆ, ಮೇಲಿರುವುದು ದೇವಸ್ಥಾನ, ಅರಮನೆ, ಕೊಳ, ಗಾಳಿ.

ತೋರಿಸುವವರು? ನಗರದಲ್ಲಾಗಲಿ ಕವಲೇದುರ್ಗದಲ್ಲಾಗಲಿ ಊರವರನ್ನೇ ಹಿಡಿಯಿರಿ. ಹೋಟೆಲಿನಲ್ಲಿ ಚಹಾ ಕುಡಿಯುತ್ತ “ಹಳೇ ದಾರಿ ಯಾವುದು ಮಾರಾಯ್ರೆ?” ಎಂದು ಕೇಳಿದರೆ ಸಾಕು, ಒಬ್ಬರಲ್ಲ ಒಬ್ಬರು ಎದ್ದು ಬರುತ್ತಾರೆ. ಎತ್ತಿನ ಗಾಡಿಯ ಜಾಡು, ತೋಟದ ಅಂಚಿನ ಕುಸಿದ ಗೋಡೆ, ಯಾವ ಫಲಕದಲ್ಲೂ ಇಲ್ಲದ ಬುರುಜು ಅವರಿಗೆ ಗೊತ್ತು. ಅವರು ಹೇಳುವ ರಾಜರ ಕಥೆಯಲ್ಲಿ ಅರ್ಧ ಕಳೆದು ನಂಬಿ, ದಾರಿಯ ವಿಷಯದಲ್ಲಿ ಪೂರ್ತಿ ನಂಬಿ. ಕಾಡಿನೊಳಗೆ ಇಳಿಯುವುದಾದರೆ ಅರಣ್ಯ ಇಲಾಖೆಯವರಿಗೆ ಮೊದಲೇ ಹೇಳಿ, ಚೆಕ್‌ಪೋಸ್ಟಿನಲ್ಲಿ ವಾದಕ್ಕೆ ನಿಲ್ಲಬೇಡಿ.

ಹೋಗುವ ಕಾಲದ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಹುಲಿಕಲ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಘಾಟಿಯಲ್ಲಿ ಧರೆ ಕುಸಿಯುತ್ತದೆ, ಭಾರಿ ವಾಹನಗಳಿಗೆ ನಿಷೇಧ ಬೀಳುತ್ತದೆ, ಕೋಟೆಯ ಮೆಟ್ಟಿಲು ಪಾಚಿಕಟ್ಟಿ ಜಾರುತ್ತದೆ, ಇಂಬಳ ಕಾಲು ಬಿಡುವುದಿಲ್ಲ. ದೀಪಾವಳಿ ಕಳೆದ ಮೇಲೆ ಹೊರಡಿ. ನೀರು ಇನ್ನೂ ಹರಿಯುತ್ತಿರುತ್ತದೆ, ಹುಲ್ಲು ಒಣಗಿ ಗೋಡೆಗಳು ಕಾಣತೊಡಗಿರುತ್ತವೆ. ಭದ್ರಾವತಿಯಿಂದ ಬೆಳಿಗ್ಗೆ ಆರಕ್ಕೆ ಹೊರಟು ನಗರದಲ್ಲಿ ಮಧ್ಯಾಹ್ನದ ಊಟಕ್ಕೆ ಮೊದಲು ಕೋಟೆ ಮುಗಿಸಿ. ರಾತ್ರಿ ಉಳಿಯುವ ವ್ಯವಸ್ಥೆಯನ್ನು ಹೊಸನಗರದಲ್ಲೋ ತೀರ್ಥಹಳ್ಳಿಯಲ್ಲೋ ಮುಂಚೆಯೇ ಮಾಡಿಕೊಂಡಿರಿ.